ಲಾರಿ ಚಾಲನೆಯೇ ಜೀವನೋಪಾಯವಾದಾಗ: ಓದುಗರ ಪ್ರಶ್ನೆ, ಹಳೆಯ ಚಾಲಕರ ಉತ್ತರ

ಲಾರಿ ಚಾಲನೆಯನ್ನು ವೃತ್ತಿಯಾಗಿ ಆರಿಸಿಕೊಳ್ಳಬೇಕೆಂದಿರುವವರು, ಈಗಾಗಲೇ ಸ್ಟಿಯರಿಂಗ್ ಹಿಡಿದಿರುವವರು ಮತ್ತು ಅವರ ಮನೆಯವರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಉತ್ತರ ಬರೆದಿರುವವರು ಇಪ್ಪತ್ತನಾಲ್ಕು ವರ್ಷ ಬೆಂಗಳೂರು–ಮುಂಬೈ ಮತ್ತು ಬೆಂಗಳೂರು–ಮಂಗಳೂರು ಮಾರ್ಗಗಳಲ್ಲಿ ಲಾರಿ ಓಡಿಸಿ, ಈಗ ಹೊಸ ಚಾಲಕರಿಗೆ ತರಬೇತಿ ನೀಡುತ್ತಿರುವ ಹಿರಿಯರು. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೈಬಿಡಲಾಗಿದೆ.

ಪ್ರಶ್ನೆ: ನನಗೆ ಹತ್ತೊಂಬತ್ತು ವರ್ಷ. ಪಿಯುಸಿಯಲ್ಲಿ ಅನುತ್ತೀರ್ಣನಾಗಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದೇನೆ. ಲಾರಿ ಚಾಲಕನಾಗಬೇಕೆಂಬ ಆಸೆಯಿದೆ. ಹಣ ಕೊಟ್ಟರೆ ಒಂದೇ ತಿಂಗಳಲ್ಲಿ ಹೆವಿ ಲೈಸೆನ್ಸ್ ಮಾಡಿಸಿಕೊಡುತ್ತೇನೆ ಎಂದು ಮಧ್ಯವರ್ತಿಯೊಬ್ಬರು ಹೇಳುತ್ತಿದ್ದಾರೆ. ನಂಬಬಹುದೇ?
— ಓದುಗ, ಬ್ಯಾಡಗಿ

ಉತ್ತರ: ಆ ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಸಾರಿಗೆ ವಾಹನ ಓಡಿಸುವವರಿಗೆ ಇಪ್ಪತ್ತು ವರ್ಷ ತುಂಬಿರಬೇಕು. ಅದಲ್ಲದೆ, ಲಘು ವಾಹನದ ಲೈಸೆನ್ಸ್ ಕೈಗೆ ಬಂದು ಕನಿಷ್ಠ ಒಂದು ವರ್ಷ ಕಳೆಯುವ ತನಕ ಸಾರಿಗೆ ವಾಹನದ ಕಲಿಕಾ ಲೈಸೆನ್ಸ್ ಸಹ ಸಿಗುವುದಿಲ್ಲ. ಆದ್ದರಿಂದ ನೀವು ಈಗ ಮಾಡಬೇಕಾದದ್ದು ಲಘು ವಾಹನದ ಲೈಸೆನ್ಸ್ ಪಡೆಯುವುದು. ಅದು ಕೈಗೆ ಬಂದ ಒಂದು ವರ್ಷಕ್ಕೆ ನಿಮ್ಮ ವಯಸ್ಸೂ ಕೂಡಿಬರುತ್ತದೆ. ಆಗ ವೈದ್ಯರ ಪ್ರಮಾಣಪತ್ರ ಮತ್ತು ಮಾನ್ಯತೆ ಪಡೆದ ಚಾಲನಾ ಶಾಲೆಯ ಪ್ರಮಾಣಪತ್ರಗಳೊಂದಿಗೆ ಆರ್‌ಟಿಒ ಕಚೇರಿಯಲ್ಲಿ ಪರೀಕ್ಷೆ ಕೊಡಬಹುದು. ಹಾಗೆ ಸಿಗುವ ಸಾರಿಗೆ ಲೈಸೆನ್ಸ್ ಐದು ವರ್ಷ ಊರ್ಜಿತವಾಗಿರುತ್ತದೆ. ಎಂಟನೆಯ ತರಗತಿ ಓದಿರಲೇಬೇಕೆಂಬ ಹಳೆಯ ನಿಯಮ 2019ರಲ್ಲಿ ರದ್ದಾಗಿರುವುದರಿಂದ ಪಿಯುಸಿ ಅನುತ್ತೀರ್ಣವೆಂಬ ಅಳುಕಿಗೆ ಇಲ್ಲಿ ಕಾರಣವಿಲ್ಲ.

ನಡುವಿನ ಆ ಒಂದು ವರ್ಷವನ್ನು ಹೇಗೆ ಕಳೆಯುತ್ತೀರಿ ಎಂಬುದೇ ಮುಖ್ಯ. ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನಗಳನ್ನು ಲಘು ವಾಹನದ ಲೈಸೆನ್ಸ್ ಇದ್ದವರು ಪ್ರತ್ಯೇಕ ಅನುಮೋದನೆಯಿಲ್ಲದೆ ಓಡಿಸಬಹುದೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ನೀಡಿದೆ. ಹಾಗಾಗಿ ಇಪ್ಪತ್ತು ತುಂಬಿದೊಡನೆ ಸಣ್ಣ ಸರಕು ಗಾಡಿಯೊಂದರಲ್ಲಿ ಕೆಲಸ ಹಿಡಿಯಲು ಅಡ್ಡಿಯಿಲ್ಲ. ಆದರೆ ನನ್ನನ್ನು ಕೇಳಿದರೆ, ಅದಕ್ಕೂ ಮೊದಲು ಒಳ್ಳೆಯ ಚಾಲಕರೊಬ್ಬರ ಬಳಿ ಕೆಲವು ತಿಂಗಳು ಕ್ಲೀನರ್ ಆಗಿರಿ ಎನ್ನುತ್ತೇನೆ. ಕ್ಲೀನರ್ ಕೆಲಸವೆಂದರೆ ಗಾಜು ಒರೆಸುವುದು, ಟೀ ತರುವುದು ಎಂದುಕೊಂಡವರು ಆಮೇಲೆ ಚಾಲಕರಾಗಿಯೂ ಅರ್ಧ ಕೆಲಸವನ್ನೇ ಕಲಿತಿರುತ್ತಾರೆ. ಪ್ರತಿ ನಿಲುಗಡೆಯಲ್ಲೂ ರಾಡು ಹಿಡಿದು ಒಂದೊಂದು ಟೈರಿಗೂ ತಟ್ಟಿ ನೋಡಬೇಕು. ಗಾಳಿ ಸರಿಯಿರುವ ಟೈರಿನಲ್ಲಿ ರಾಡು ಪುಟಿಯುತ್ತದೆ. ಗಾಳಿ ಇಳಿದ ಟೈರಿನಲ್ಲಿ ಸದ್ದು ಮಂದವಾಗುತ್ತದೆ. ಜೋಡಿ ಟೈರುಗಳಲ್ಲಿ ಒಳಗಿನದು ಇಳಿದಿದ್ದರೆ ಕಣ್ಣಿಗೆ ಕಾಣದು, ಕಿವಿಗೆ ಮಾತ್ರ ಗೊತ್ತಾಗುತ್ತದೆ.

ಹಮಾಲಿ ಮಾಡಿದ ನಿಮಗೆ ಇನ್ನೊಂದು ಅನುಕೂಲವಿದೆ. ಒಣಮೆಣಸಿನಕಾಯಿ ಹಗುರವಾದರೂ ಗಾತ್ರ ದೊಡ್ಡದಾದ ಕಾರಣ ಚೀಲಗಳು ಕ್ಯಾಬಿನ್ನಿಗಿಂತ ಎತ್ತರಕ್ಕೆ ಏರುತ್ತವೆ. ಗಾಡಿ ಮೂವತ್ತು ನಲವತ್ತು ಕಿಲೋಮೀಟರ್ ಕುಲುಕುವಷ್ಟರಲ್ಲಿ ಚೀಲಗಳು ಕುಸಿದು, ಹೊರಡುವಾಗ ತಂತಿಯಂತೆ ಬಿಗಿದಿದ್ದ ಹಗ್ಗ ಜೋಲು ಬೀಳುತ್ತದೆ. ಅಲ್ಲಿ ನಿಲ್ಲಿಸಿ ಮತ್ತೊಮ್ಮೆ ಬಿಗಿಯುವವನ ಲೋಡು ವಾಲುವುದಿಲ್ಲ. ಇದನ್ನು ಯಾವ ಚಾಲನಾ ಶಾಲೆಯಲ್ಲೂ ಹೇಳಿಕೊಡುವುದನ್ನು ನಾನು ಕಂಡಿಲ್ಲ.

ಕೊನೆಯದಾಗಿ, ಮೊದಲ ದಿನವೇ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಂಡುಕೊಳ್ಳಿ. ದಿನಾಂಕ, ಗಾಡಿ, ಎಲ್ಲಿಂದ ಎಲ್ಲಿಗೆ, ಯಾವ ಸರಕು, ಎಷ್ಟು ತೂಕ, ಮೀಟರ್ ರೀಡಿಂಗ್, ಹಾಕಿಸಿದ ಡೀಸೆಲ್, ತಲುಪಿದ ಹೊತ್ತು, ಸರಕಿಗೆ ಆದ ಹಾನಿ ಇವಿಷ್ಟನ್ನು ಪ್ರತಿ ಟ್ರಿಪ್ಪಿಗೆ ಒಂದೊಂದು ಸಾಲಿನಂತೆ ಬರೆದಿಡಿ. ಇದು ಏಕೆ ಬೇಕೆಂಬುದು ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಪೀಣ್ಯದಲ್ಲಿ ಆರು ವರ್ಷಗಳಿಂದ ಆರು ಚಕ್ರದ ಲಾರಿ ಓಡಿಸುತ್ತಿದ್ದೇನೆ. ಎರಡು ವರ್ಷದಿಂದ ಸಂಬಳ ಏರಿಲ್ಲ. ಕಂಟೇನರ್, ಟ್ಯಾಂಕರ್, ಟ್ರೈಲರ್ ಇವುಗಳಲ್ಲಿ ಯಾವ ಲೈನಿಗೆ ಹೋದರೆ ಭವಿಷ್ಯವಿದೆ?
— ಓದುಗ, ಬೆಂಗಳೂರು

ಉತ್ತರ: ಲೈನ್ ಬದಲಿಸುವ ಮೊದಲು ನಿಮ್ಮ ಕೆಲಸದ ಬೆಲೆ ಎಷ್ಟೆಂದು ನಿಮಗೇ ತಿಳಿದಿರಬೇಕು. ಆರು ವರ್ಷದ ಅನುಭವವೆಂದು ಬಾಯಲ್ಲಿ ಹೇಳಿದರೆ ಯಾವ ಮಾಲೀಕರೂ ಕುರ್ಚಿ ಎಳೆದು ಕೂರಿಸುವುದಿಲ್ಲ. ಒಂದು ಲೆಕ್ಕ ನೋಡಿ. ಒಂದು ಗಾಡಿಗೆ ಲೀಟರಿಗೆ ಮೂರೂವರೆ ಕಿಲೋಮೀಟರ್ ಕೊಡುವ ಚಾಲಕ ಮತ್ತು ಅದೇ ಗಾಡಿಗೆ, ಅದೇ ಲೋಡಿಗೆ ನಾಲ್ಕು ಕಿಲೋಮೀಟರ್ ಕೊಡುವ ಚಾಲಕ ಇಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ಸಾವಿರ ಕಿಲೋಮೀಟರಿಗೆ ಮೊದಲನೆಯವನು ಸುಮಾರು 286 ಲೀಟರ್ ಉರಿಸಿದರೆ ಎರಡನೆಯವನು 250 ಲೀಟರ್ ಉರಿಸುತ್ತಾನೆ. ಲೀಟರಿಗೆ 90 ರೂಪಾಯಿಯಂತೆ ಹಿಡಿದರೂ ವ್ಯತ್ಯಾಸ 3,200 ರೂಪಾಯಿ ದಾಟುತ್ತದೆ. ತಿಂಗಳಿಗೆ ಆರೇಳು ಸಾವಿರ ಕಿಲೋಮೀಟರ್ ಓಡುವ ಗಾಡಿಯಲ್ಲಿ ಇದು ಚಾಲಕನ ಸಂಬಳಕ್ಕೆ ಹತ್ತಿರವಾಗುವ ಮೊತ್ತ. ಇದನ್ನು ನೋಟ್‌ಬುಕ್ ತೆರೆದು, ಟ್ರಿಪ್ ಟ್ರಿಪ್ಪಾಗಿ ತೋರಿಸಬಲ್ಲ ಚಾಲಕ ಸಂಬಳ ಹೆಚ್ಚಿಸಿ ಎಂದು ಬೇಡಬೇಕಾಗಿಲ್ಲ, ಲೆಕ್ಕ ಹೇಳಿದರೆ ಸಾಕು. ನಾನು ಈಗ ಕಂಪನಿಗಳಿಗೆ ಚಾಲಕರನ್ನು ಆರಿಸಿಕೊಡುವಾಗ ಮೊದಲು ಕೇಳುವುದು ಲೈಸೆನ್ಸ್, ಎರಡನೆಯದು ಈ ಪುಸ್ತಕ. ನೂರರಲ್ಲಿ ಒಬ್ಬನ ಬಳಿ ಇದ್ದರೆ ಹೆಚ್ಚು. ಅವನನ್ನು ನಾನು ಬಿಟ್ಟುಕೊಡುವುದಿಲ್ಲ.

ಇನ್ನು ಲೈನ್ ವಿಷಯ. ವೈಟ್‌ಫೀಲ್ಡಿನ ಕಂಟೇನರ್ ಡಿಪೋದಿಂದ ಚೆನ್ನೈ ಬಂದರಿಗೆ ಓಡುವ ಗಾಡಿಗಳಲ್ಲಿ ದಾರಿ ಸುಲಭ, ಕಾಯುವಿಕೆ ಹೆಚ್ಚು. ಬಂದರಿನ ಸಾಲಿನಲ್ಲಿ ಕಳೆಯುವ ದಿನಕ್ಕೆ ಹಾಲ್ಟಿಂಗ್ ಬತ್ತಾ, ಅಂದರೆ ಕಾಯುವ ದಿನದ ಭತ್ಯೆ, ಎಷ್ಟೆಂದು ಸೇರುವ ಮೊದಲೇ ಕೇಳಿಕೊಳ್ಳಿ. ಬಿಡದಿಯ ಕಡೆಯಿಂದ ಹೊಸ ಕಾರುಗಳನ್ನು ಸಾಗಿಸುವ ಟ್ರೈಲರುಗಳಲ್ಲಿ ಒಂದು ಗೀಚು ಬಿದ್ದರೂ ಚಾಲಕನ ತಲೆಗೆ ಬರುವುದರಿಂದ ನಿಧಾನಸ್ಥರಿಗೆ ಮಾತ್ರ ಅದು ಹೊಂದುತ್ತದೆ. ಸೇಡಂ, ಮಳಖೇಡದ ಸಿಮೆಂಟ್ ಸಾಗಣೆಯಲ್ಲಿ ಕೆಲಸಕ್ಕೆ ಬರವಿಲ್ಲ, ಶ್ವಾಸಕೋಶಕ್ಕೆ ಧೂಳೂ ಕಡಿಮೆಯಿಲ್ಲ.

ಟ್ಯಾಂಕರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಮಂಗಳೂರಿನಿಂದ ಅನಿಲ, ಪೆಟ್ರೋಲ್, ಡೀಸೆಲ್ ಸಾಗಿಸುವ ಕೆಲಸಕ್ಕೆ ಅಪಾಯಕಾರಿ ಸರಕುಗಳ ಅನುಮೋದನೆ ಲೈಸೆನ್ಸಿನಲ್ಲಿ ಇರಬೇಕು. ಅದಕ್ಕೆ ಮೂರು ದಿನದ ನಿಗದಿತ ತರಬೇತಿಯಿದೆ. 2019ರ ತಿದ್ದುಪಡಿಯ ನಂತರ ಅಂಥ ಲೈಸೆನ್ಸ್ ಮೂರು ವರ್ಷ ಊರ್ಜಿತ. ಈ ಅನುಮೋದನೆ ಇರುವ ಚಾಲಕರು ಕಡಿಮೆ. ಆದ್ದರಿಂದ ಸಂಬಳವೂ ಮರ್ಯಾದೆಯೂ ಒಂದು ಕೈ ಮೇಲು. ಆದರೆ ಅರ್ಧ ತುಂಬಿದ ಟ್ಯಾಂಕರ್ ಪೂರ್ತಿ ತುಂಬಿದ ಟ್ಯಾಂಕರಿಗಿಂತ ಅಪಾಯಕಾರಿ ಎಂಬುದನ್ನು ಹೊಸಬರು ನಂಬುವುದಿಲ್ಲ. ಒಳಗಿನ ದ್ರವ ತಿರುವಿನಲ್ಲಿ ಒಂದು ಬದಿಗೆ ನುಗ್ಗಿ, ಚಾಲಕ ಸ್ಟಿಯರಿಂಗ್ ನೇರ ಮಾಡಿದ ಮೇಲೂ ಗಾಡಿಯನ್ನು ಅತ್ತಲೇ ಎಳೆಯುತ್ತದೆ. ಟ್ಯಾಂಕರ್ ಉರುಳಿದರೆ ಏನಾಗುತ್ತದೆಂಬುದನ್ನು 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆ ಕಂಡಿದೆ. ಅನಿಲ ಸೋರಿ ಹೊತ್ತಿಕೊಂಡ ಬೆಂಕಿಯಲ್ಲಿ ರಸ್ತೆ ಬದಿಯ ಮನೆಗಳಲ್ಲಿದ್ದವರೂ ಸತ್ತರು. ಅವಸರದ ಸ್ವಭಾವ ನಿಮ್ಮದಾದರೆ ಈ ಲೈನ್ ಬೇಡ.

ಪ್ರಶ್ನೆ: ಬಯಲುಸೀಮೆಯಲ್ಲೇ ಲಾರಿ ಓಡಿಸಿ ಅಭ್ಯಾಸ. ಈಗ ಮಾಲೀಕರು ಮಂಗಳೂರು ಟ್ರಿಪ್ಪಿಗೆ ಕಳುಹಿಸುತ್ತಿದ್ದಾರೆ. ಶಿರಾಡಿ ಘಾಟಿ ಇಳಿಯುವಾಗ ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಬಿಡು ಎಂದು ಸ್ನೇಹಿತರು ಹೇಳುತ್ತಾರೆ. ಇದು ಸರಿಯೇ?
— ಓದುಗ, ಚಳ್ಳಕೆರೆ

ಉತ್ತರ: ಸರಿಯಲ್ಲ, ಮತ್ತು ಅದರಿಂದ ಡೀಸೆಲ್ ಕೂಡ ಉಳಿಯುವುದಿಲ್ಲ. ಈಗಿನ ಎಂಜಿನುಗಳಲ್ಲಿ ಗೇರ್ ಬಿದ್ದಿರುವಾಗ ಆಕ್ಸಲರೇಟರ್‌ನಿಂದ ಕಾಲು ತೆಗೆದರೆ ಇಂಧನ ಪೂರೈಕೆಯೇ ನಿಂತುಹೋಗುತ್ತದೆ, ಗಾಲಿಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ತಾನಾಗಿ ತಿರುಗಲು ಡೀಸೆಲ್ ಕುಡಿಯಲೇಬೇಕು. ನಿಮ್ಮ ಸ್ನೇಹಿತರು ಹೇಳುತ್ತಿರುವುದು ಹಳೆಯ ಗಾಡಿಗಳ ಕಾಲದ ಕೆಟ್ಟ ಪಾಠ.

ದೋಣಿಗಾಲಿನಿಂದ ಗುಂಡ್ಯದವರೆಗಿನ ಇಳಿಜಾರಿನಲ್ಲಿ ಒಂದೇ ಸೂತ್ರ ನೆನಪಿಡಿ: ಆ ಲೋಡಿನೊಂದಿಗೆ ಘಾಟಿ ಹತ್ತುವುದಾದರೆ ಯಾವ ಗೇರಿನಲ್ಲಿ ಹತ್ತುತ್ತಿದ್ದಿರೋ ಅದೇ ಗೇರಿನಲ್ಲಿ ಇಳಿಯಿರಿ, ಮತ್ತು ಗೇರನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಿಕೊಳ್ಳಿ. ಇಳಿಯುತ್ತಿರುವಾಗ ಗೇರ್ ಇಳಿಸಲು ಹೋಗಿ ಅದು ಬೀಳದೆ ನ್ಯೂಟ್ರಲ್‌ನಲ್ಲೇ ಉಳಿದರೆ ಮುಂದಿನದು ದೇವರ ಚಿತ್ತ. ಹೊಗೆಯ ದಾರಿ ಅಡ್ಡಗಟ್ಟಿ ಎಂಜಿನ್ನಿನಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಬಳಸಿ. ಕಾಲಿನ ಬ್ರೇಕನ್ನು ಒಂದೇ ಸಮ ಒತ್ತಿಹಿಡಿಯಬೇಡಿ. ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಡ್ರಮ್ ತಣ್ಣಗಾಗಲು ಆ ಬಿಡುವು ಬೇಕು. ಬ್ರೇಕಿನ ಗಾಳಿಯ ಒತ್ತಡ ತೋರಿಸುವ ಮುಳ್ಳಿನ ಮೇಲೂ ಒಂದು ಕಣ್ಣಿರಲಿ.

ನಾನು ಕ್ಲೀನರ್ ಆಗಿದ್ದಾಗಿನ ಮಾತು. ಘಾಟಿಯ ಅರ್ಧದಲ್ಲಿ ರಬ್ಬರ್ ಸುಟ್ಟಂಥ ವಾಸನೆ ಬಂತು. ನಮ್ಮ ಚಾಲಕರು ಅಗಲವಾದ ಜಾಗ ನೋಡಿ ನಿಲ್ಲಿಸಿದರು. ನಾನು ಇಳಿದು ಗಾಲಿಗೆ ಮರದ ದಿಮ್ಮಿ ಕೊಟ್ಟು ನೋಡುತ್ತೇನೆ, ಹಿಂದಿನ ಎಡಗಾಲಿಯ ಡ್ರಮ್ಮಿನಿಂದ ನೀಲಿ ಹೊಗೆ. ಕ್ಯಾನಿನ ನೀರನ್ನು ಎತ್ತಿ ಸುರಿಯಲು ಹೊರಟವನ ಕೈಗೆ ಅವರು ಬೀಸಿ ಹೊಡೆದರು. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಡ್ರಮ್ ಸೀಳುತ್ತದೆ ಎಂದು ಆಮೇಲೆ ವಿವರಿಸಿದರು. ಮುಕ್ಕಾಲು ಗಂಟೆ ಅಲ್ಲೇ ಕೂತೆವು, ಮಳೆಯಲ್ಲಿ. ಮಂಗಳೂರಿನಲ್ಲಿ ಅನ್‌ಲೋಡ್ ತಡವಾಯಿತೆಂದು ಬೈಗುಳವೂ ಆಯಿತು. ಆದರೆ ಆ ಮುಕ್ಕಾಲು ಗಂಟೆಯ ಪಾಠ ನನ್ನನ್ನು ಇಪ್ಪತ್ತನಾಲ್ಕು ವರ್ಷ ಕಾಯಿತು.

ಪ್ರಶ್ನೆ: ನನ್ನ ಪತಿ ಕೋಲಾರದಿಂದ ಉತ್ತರ ಭಾರತದ ಮಾರುಕಟ್ಟೆಗಳಿಗೆ ಟೊಮೆಟೊ ಸಾಗಿಸುತ್ತಾರೆ. ಹೇಳಿದ ಹೊತ್ತಿಗೆ ತಲುಪದಿದ್ದರೆ ಬಾಡಿಗೆಯಲ್ಲಿ ಕಡಿತ ಮಾಡುತ್ತಾರಂತೆ. ರಾತ್ರಿಯೆಲ್ಲ ನಿದ್ದೆಯಿಲ್ಲ, ಈಗ ಸಕ್ಕರೆ ಕಾಯಿಲೆಯೂ ಬಂದಿದೆ. ಕೆಲಸ ಬಿಡಿಸಬೇಕೇ?
— ಓದುಗರು, ಮುಳಬಾಗಿಲು

ಉತ್ತರ: ಕೆಲಸ ಬಿಡಿಸುವ ಮೊದಲು ಕೆಲಸದ ರೀತಿಯನ್ನು ಬದಲಿಸಲು ಸಾಧ್ಯವೇ ನೋಡಿ, ತಾಯಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಕೆಲಸ ಎಂದಿತ್ತು. ಐದು ಗಂಟೆ ಸತತ ದುಡಿದ ಮೇಲೆ ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಬೇಕಿತ್ತು. ದೂರದ ಮಾರ್ಗಗಳಿಗೆ ಸ್ವಲ್ಪ ಸಡಿಲಿಕೆಯಿತ್ತು. ಐದು ಅಥವಾ ಹೆಚ್ಚು ಸಾರಿಗೆ ಕಾರ್ಮಿಕರಿರುವ ಸಂಸ್ಥೆಗಳಿಗೆ ಇದು ಅನ್ವಯಿಸುತ್ತಿತ್ತು. 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ; ದಿನಕ್ಕೆ ಎಂಟು ಗಂಟೆಯ ಮಿತಿ ಅದರಲ್ಲೂ ಇದೆ. ಕಾಗದದ ಮೇಲಿನ ಈ ಮಾತು ಹೆದ್ದಾರಿಯಲ್ಲಿ ಎಷ್ಟು ನಡೆಯುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ಮಾಲೀಕರೊಡನೆ ಮಾತನಾಡುವಾಗ ಕಾನೂನು ನಮ್ಮ ಕಡೆ ಇದೆಯೆಂಬ ಅರಿವು ಇರಬೇಕು.

ಕೆಡುವ ಸರಕಿನ ದೂರದ ಟ್ರಿಪ್ಪಿಗೆ ಇಬ್ಬರು ಚಾಲಕರು ಇರಲೇಬೇಕೆಂದು ನಿಮ್ಮ ಪತಿ ಪಟ್ಟು ಹಿಡಿಯಲಿ. ಎರಡನೆಯ ಚಾಲಕನ ಬತ್ತಾ ಉಳಿಸಲು ಹೋಗಿ ಗಾಡಿ, ಸರಕು, ಜೀವ ಮೂರನ್ನೂ ಪಣಕ್ಕಿಡುವ ಮಾಲೀಕರ ಬಳಿ ಎಷ್ಟು ದಿನ ದುಡಿದರೂ ಏಳಿಗೆಯಿಲ್ಲ. ಒಬ್ಬರೇ ಹೋಗಬೇಕಾದಾಗ, ಬೆಳಗಿನ ಜಾವ ಎರಡರಿಂದ ಐದು ಗಂಟೆಯ ನಡುವೆ ಗಾಡಿ ನಿಂತಿರಲಿ. ದೇಹ ತಾನಾಗಿ ನಿದ್ದೆಗೆ ಜಾರುವ ಹೊತ್ತು ಅದು. ಕಳೆದ ಕೆಲವು ಕಿಲೋಮೀಟರ್ ದಾಟಿದ್ದು ನೆನಪಿಗೇ ಬಾರದಿದ್ದರೆ, ಗಾಡಿ ತನಗೆ ತಾನೇ ಬಿಳಿಗೆರೆ ದಾಟುತ್ತಿದ್ದರೆ, ಚಾಲಕ ಆಗಲೇ ತೂಕಡಿಸುತ್ತಿದ್ದಾನೆ ಎಂದರ್ಥ. ಆಗ ಟೀ ಕುಡಿದು ಮುಂದುವರಿಯುವುದಲ್ಲ, ಬಂಕಿನಲ್ಲಿ ಅಥವಾ ಡಾಬಾದ ಅಂಗಳದಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಬೇಕು. ರಸ್ತೆಯ ಅಂಚಿನಲ್ಲಿ ಬೇಡ. ನಿಂತ ಲಾರಿಗೆ ಹಿಂದಿನಿಂದ ಬಂದು ಗುದ್ದಿದ ಗಾಡಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನಿದ್ದೆ ತಡೆಯುವ ಮಾತ್ರೆಗಳನ್ನು ಯಾರಾದರೂ ಕೊಟ್ಟರೆ ಮುಟ್ಟಬಾರದು.

ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಂಡು ಊಟ ತಪ್ಪಿಸಿದರೆ ಸಕ್ಕರೆ ತಟ್ಟನೆ ಕುಸಿದು ತಲೆ ಸುತ್ತುವ ಅಪಾಯವಿದೆ. ಕ್ಯಾಬಿನ್ನಿನಲ್ಲಿ ಒಂದಿಷ್ಟು ಬೆಲ್ಲ ಇರಲಿ, ಮತ್ತು ತಾವು ಚಾಲಕರೆಂಬುದನ್ನು ವೈದ್ಯರಿಗೆ ಹೇಳಿಯೇ ಔಷಧಿ ಬರೆಸಿಕೊಳ್ಳಲಿ. ಗೊರಕೆ ವಿಪರೀತವಾಗಿದ್ದು, ಎಂಟು ಗಂಟೆ ಮಲಗಿದರೂ ಹಗಲು ತೂಕಡಿಕೆ ಇದ್ದರೆ ಅದನ್ನೂ ತಿಳಿಸಲಿ. ಅದು ಬೇರೆಯೇ ಕಾಯಿಲೆ, ಚಿಕಿತ್ಸೆಯೂ ಇದೆ. 2025ರ ಅಕ್ಟೋಬರ್ ನಂತರ ತಯಾರಾದ ಮಧ್ಯಮ ಮತ್ತು ಭಾರಿ ಲಾರಿಗಳಲ್ಲಿ ಹವಾನಿಯಂತ್ರಿತ ಕ್ಯಾಬಿನ್ ಕಡ್ಡಾಯವಾಗಿದೆ. ಬೇಸಿಗೆಯಲ್ಲಿ ಎಂಜಿನ್ನಿನ ಶಾಖದ ಪಕ್ಕ ಕೂತು ಬೆಂದವರಿಗೆ ಅದು ಸುಖದ ಮಾತಲ್ಲ, ಎಚ್ಚರದ ಮಾತು. ಹೊಸ ಗಾಡಿ ಕೇಳಿ ಪಡೆಯುವ ಅವಕಾಶವಿದ್ದರೆ ಕೇಳಲಿ.

ಪ್ರಶ್ನೆ: ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹತ್ತು ಚಕ್ರದ ಟಿಪ್ಪರಿನಲ್ಲಿ ಜಲ್ಲಿ, ಎಂ-ಸ್ಯಾಂಡ್ ಸಾಗಿಸುತ್ತೇನೆ. ಮಾಲೀಕರು ಪ್ರತಿ ಟ್ರಿಪ್ಪಿಗೂ ಓವರ್‌ಲೋಡ್ ಹಾಕಿಸುತ್ತಾರೆ. ಬೇಡವೆಂದರೆ ಬೇರೆ ಚಾಲಕ ಸಿಗುತ್ತಾನೆ ಎನ್ನುತ್ತಾರೆ.
— ಓದುಗ, ಚಿಕ್ಕಬಳ್ಳಾಪುರ

ಉತ್ತರ: 2018ರಲ್ಲಿ ಕೇಂದ್ರ ಸರ್ಕಾರ ಮೂರು ಆಕ್ಸಲ್‌ಗಳ, ಅಂದರೆ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಏರಿಸಿತು. ಅದು ಗಾಡಿಯೂ ಸೇರಿದ ತೂಕ ಎಂಬುದನ್ನು ಮರೆತವರೇ ಹೆಚ್ಚು. ನಿಮ್ಮ ಗಾಡಿಯ ಮಿತಿ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಬರೆದಿರುತ್ತದೆ, ಅದನ್ನೇ ನೋಡಿಕೊಳ್ಳಿ. ಮಿತಿ ಮೀರಿದರೆ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000. ಆರು ಟನ್ ಹೆಚ್ಚಿದ್ದರೆ 32,000 ರೂಪಾಯಿ, ಜೊತೆಗೆ ಹೆಚ್ಚಿನ ಸರಕನ್ನು ಅಲ್ಲೇ ಇಳಿಸಬೇಕು. ತೂಕ ಹಾಕಿಸಲು ನಿರಾಕರಿಸಿ ಓಡಿದರೆ 40,000. ಈ ದಂಡವನ್ನು ಮಾಲೀಕರು ಕಟ್ಟಬಹುದು. ಆದರೆ ಓವರ್‌ಲೋಡ್ ನಿಮ್ಮ ಲೈಸೆನ್ಸ್ ಅಮಾನತಾಗಲೂ ಕಾರಣವಾಗುತ್ತದೆ, ಮತ್ತು ಲೈಸೆನ್ಸ್ ನಿಮ್ಮದು, ಮಾಲೀಕರದಲ್ಲ.

ಜಗಳ ಮಾಡಬೇಡಿ. ಪ್ರತಿ ಲೋಡಿಗೂ ವೇಬ್ರಿಡ್ಜ್ ಚೀಟಿ ಪಡೆದು, ಹೊರಡುವ ಮೊದಲು ಅದರ ಫೋಟೋವನ್ನು ಮಾಲೀಕರಿಗೆ ವಾಟ್ಸ್‌ಆ್ಯಪ್ ಮಾಡಿ, "ಇಷ್ಟು ಟನ್ ಹೆಚ್ಚಿದೆ, ಇಳಿಸಲೇ?" ಎಂದು ಬರೆದು ಕೇಳಿ. ಬಾಯಲ್ಲಿ ಜೋರು ಮಾಡುವವರು ಬರವಣಿಗೆಯಲ್ಲಿ ಹಾಗೇ ಹೋಗು ಎನ್ನಲು ಹಿಂಜರಿಯುತ್ತಾರೆ. ಎರಡು ತಿಂಗಳು ಹೀಗೆ ಮಾಡಿಯೂ ಪರಿಸ್ಥಿತಿ ಬದಲಾಗದಿದ್ದರೆ ಬೇರೆ ಕೆಲಸ ಹುಡುಕಿಕೊಂಡು ಬಿಡಿ. ಸಿಗುವ ಆ ಬೇರೆ ಚಾಲಕ ಎಂಥವನೆಂದು ಮಾಲೀಕರಿಗೆ ಆಮೇಲೆ ತಿಳಿಯುತ್ತದೆ.

ಪ್ರಶ್ನೆ: ಅಪಘಾತವಾದರೆ ಚಾಲಕನಿಗೆ ಹತ್ತು ವರ್ಷ ಜೈಲು ಎಂಬ ಹೊಸ ಕಾನೂನು ಬಂದಿದೆಯೆಂದು ಹೆದರಿ ನನ್ನ ತಮ್ಮ ಕೆಲಸಕ್ಕೆ ಹೋಗುತ್ತಿಲ್ಲ. ನಿಜವೇ?
— ಓದುಗ, ರಾಣೆಬೆನ್ನೂರು

ಉತ್ತರ: ಅರ್ಧ ನಿಜ. ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಮಿನಲ್ಲಿ ಹತ್ತು ವರ್ಷದವರೆಗಿನ ಶಿಕ್ಷೆ ಹೇಳಿರುವುದು ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿ, ಪೊಲೀಸರಿಗೆ ತಿಳಿಸದೆ ಪರಾರಿಯಾದವರಿಗೆ. 2024ರ ಜನವರಿಯಲ್ಲಿ ಲಾರಿ ಚಾಲಕರು ದೇಶದ ಹಲವೆಡೆ ಮುಷ್ಕರ ಹೂಡಿದ ಮೇಲೆ, ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಈ ಒಂದು ಉಪಕಲಮನ್ನು ತಡೆಹಿಡಿಯಲಾಯಿತು. ಆದರೆ ನಿರ್ಲಕ್ಷ್ಯದಿಂದ ಸಾವು ಉಂಟಾದರೆ ಐದು ವರ್ಷದವರೆಗೆ ಶಿಕ್ಷೆ ಎಂಬುದು ಜಾರಿಯಲ್ಲಿದೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಇಪ್ಪತ್ತನಾಲ್ಕು ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಚಾಲಕನ ಕರ್ತವ್ಯ. ಗುಂಪು ಹೊಡೆಯಲು ಬಂದರೆ ಸ್ಥಳದಲ್ಲಿ ನಿಲ್ಲಲೇಬೇಕೆಂದು ಕಾನೂನು ಹೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 134ನೇ ಕಲಮು ಜನರ ಆಕ್ರೋಶದ ಸಂದರ್ಭವನ್ನು ಹೆಸರಿಸಿಯೇ ವಿನಾಯಿತಿ ಕೊಟ್ಟಿದೆ. ಹತ್ತಿರದ ಠಾಣೆಗೆ ಹೋಗಿ, ಹೋಗುತ್ತಲೇ 112ಕ್ಕೆ ಕರೆ ಮಾಡಿದ ದಾಖಲೆ ಉಳಿಸಿಕೊಳ್ಳಲಿ. ನಿಮ್ಮ ತಮ್ಮ ಧೈರ್ಯವಾಗಿ ಕೆಲಸಕ್ಕೆ ಹೋಗಲಿ.

ಪ್ರಶ್ನೆ: ಹನ್ನೆರಡು ವರ್ಷ ಬೇರೆಯವರ ಲಾರಿ ಓಡಿಸಿದ್ದು ಸಾಕು, ಸೆಕೆಂಡ್ ಹ್ಯಾಂಡ್ ಲಾರಿ ಕೊಂಡು ಸ್ವಂತ ದುಡಿಮೆ ಮಾಡಬೇಕೆಂದಿದ್ದೇನೆ. ವಿಜಯ ಸಂಕೇಶ್ವರರು ಒಂದೇ ಲಾರಿಯಿಂದ ಬೆಳೆಯಲಿಲ್ಲವೇ?
— ಓದುಗ, ಗದಗ

ಉತ್ತರ: ನಿಮ್ಮ ಊರಿನವರಾಗಿ ಆ ಉದಾಹರಣೆ ಕೊಡುವುದು ಸಹಜ. 1976ರಲ್ಲಿ ಗದಗದಲ್ಲಿ ಒಂದು ಲಾರಿಯಿಂದ ಅವರು ಶುರು ಮಾಡಿದ್ದು ನಿಜ. ಆದರೆ ಅವರು ಸಂಬಳಕ್ಕೆ ಲಾರಿ ಓಡಿಸುತ್ತಿದ್ದವರಲ್ಲ, ಮುದ್ರಣ ಮತ್ತು ಪುಸ್ತಕ ವ್ಯಾಪಾರದ ಮನೆತನದಿಂದ ಬಂದವರು. ಅವರ ಸಂಸ್ಥೆ ಬೆಳೆದದ್ದು ಬ್ರೋಕರ್ ಕೊಟ್ಟ ಲೋಡನ್ನು ಹೊತ್ತು ತಿರುಗಿದ್ದರಿಂದಲೂ ಅಲ್ಲ; ನೂರಾರು ಗಿರಾಕಿಗಳ ಸಣ್ಣ ಸಣ್ಣ ಪಾರ್ಸೆಲ್‌ಗಳನ್ನು ಕೂಡಿಸಿ ಊರೂರಿಗೆ ತಲುಪಿಸುವ ವ್ಯವಸ್ಥೆ ಕಟ್ಟಿದ್ದರಿಂದ. ಒಂದು ಲಾರಿಯ ಮಾಲೀಕನಿಗೆ ಬೇಕಾದದ್ದೂ ಅದೇ: ತನ್ನದೇ ಗಿರಾಕಿಗಳು.

ಲಾರಿ ಕೊಳ್ಳುವ ಮೊದಲು ನಿಮ್ಮ ಹನ್ನೆರಡು ವರ್ಷದ ಓಡಾಟದಲ್ಲಿ ಪರಿಚಯವಾದ ವ್ಯಾಪಾರಿಗಳಲ್ಲಿ, ಬ್ರೋಕರ್ ಇಲ್ಲದೆ ನೇರವಾಗಿ ಲೋಡ್ ಕೊಡುವವರು ಮೂವರಾದರೂ ಇದ್ದಾರೆಯೇ ಎಂದು ಎಣಿಸಿ. ಒಬ್ಬರೇ ಸಾಲದು. ಬಳ್ಳಾರಿ, ಸಂಡೂರು, ಹೊಸಪೇಟೆಯಲ್ಲಿ ಅದಿರಿನ ಭರಾಟೆ ನಂಬಿ ಸಾಲ ಮಾಡಿ ಲಾರಿ ಕೊಂಡವರು ಲೆಕ್ಕವಿಲ್ಲದಷ್ಟು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ, ಮರುದಿನದಿಂದಲೇ ಆ ಗಾಡಿಗಳಿಗೆ ಸರಕಿಲ್ಲ, ಕಂತು ಮಾತ್ರ ನಿಲ್ಲಲಿಲ್ಲ. ಸಾಲು ಸಾಲಾಗಿ ನಿಂತ ಲಾರಿಗಳ ಟೈರುಗಳ ಸುತ್ತ ಹುಲ್ಲು ಬೆಳೆದದ್ದನ್ನು ನಾನು ಹೊಸಪೇಟೆಯ ರಸ್ತೆಯಲ್ಲಿ ನೋಡಿದ್ದೇನೆ. ಒಂದೇ ಸರಕು, ಒಂದೇ ಗಿರಾಕಿ ಎಂದರೆ ಹೀಗೆಯೇ.

ಇನ್ನು ಲೆಕ್ಕ. ಡೀಸೆಲ್, ಟೋಲ್, ಕಂತು ಇವು ಕಣ್ಣಿಗೆ ಕಾಣುವ ಖರ್ಚು. ಸ್ವಂತ ಲಾರಿಯವರನ್ನು ಮುಳುಗಿಸುವುದು ಕಾಣದ ಖರ್ಚು. ಹತ್ತು ಟೈರಿಗೆ ತಲಾ 20,000 ರೂಪಾಯಿ, ಅವು 80,000 ಕಿಲೋಮೀಟರ್ ಬಾಳುತ್ತವೆ ಎಂದಿಟ್ಟುಕೊಂಡರೆ, ನೀವು ಓಡಿಸುವ ಪ್ರತಿ ಕಿಲೋಮೀಟರಿಗೆ ಎರಡೂವರೆ ರೂಪಾಯಿ ಟೈರೇ ತಿನ್ನುತ್ತದೆ. ಆ ಎರಡೂವರೆ ರೂಪಾಯಿಯನ್ನು ಟ್ರಿಪ್ ಮುಗಿದ ದಿನವೇ ಬೇರೆ ಖಾತೆಗೆ ಹಾಕದವರು ಟೈರ್ ಸವೆದ ದಿನ ಬಡ್ಡಿ ಸಾಲಕ್ಕೆ ಓಡುತ್ತಾರೆ. ವಿಮೆ, ತೆರಿಗೆ, ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ), ಸ್ಪ್ರಿಂಗ್ ಪಟ್ಟಿ, ಕ್ಲಚ್ ಪ್ಲೇಟ್ ಎಲ್ಲಕ್ಕೂ ಇದೇ ರೀತಿ ಕಿಲೋಮೀಟರ್ ಲೆಕ್ಕದಲ್ಲಿ ಹಣ ತೆಗೆದಿಡಿ. ನಿಮ್ಮ ಬಳಿ ಟ್ರಿಪ್ ಪುಸ್ತಕವಿದ್ದರೆ ಈ ಲೆಕ್ಕ ಒಂದು ಸಂಜೆಯ ಕೆಲಸ. ಇಲ್ಲದಿದ್ದರೆ ಲಾರಿ ಕೊಳ್ಳುವುದನ್ನು ಒಂದು ವರ್ಷ ಮುಂದೂಡಿ, ಆ ವರ್ಷವಿಡೀ ಬರೆಯಿರಿ.

ಹಳೆಯ ಗಾಡಿ ನೋಡುವಾಗ ಬಣ್ಣಕ್ಕೆ ಮರುಳಾಗಬೇಡಿ, ವಯಸ್ಸು ನೋಡಿ. ಹೊರರಾಜ್ಯಗಳಿಗೆ ಓಡಲು ಬೇಕಾದ ನ್ಯಾಷನಲ್ ಪರ್ಮಿಟ್ ಎರಡು ಆಕ್ಸಲ್ ಗಾಡಿಗೆ ಹನ್ನೆರಡು ವರ್ಷದವರೆಗೆ, ಮಲ್ಟಿ ಆಕ್ಸಲ್ ಗಾಡಿಗೆ ಹದಿನೈದು ವರ್ಷದವರೆಗೆ ಮಾತ್ರ ಸಿಗುತ್ತದೆ. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ ಪ್ರತಿ ವರ್ಷ ಮಾಡಿಸಬೇಕು. ಹತ್ತು ವರ್ಷದ ಆರು ಚಕ್ರದ ಲಾರಿಗೆ ಐದು ವರ್ಷದ ಸಾಲ ಮಾಡಿದರೆ ಸಾಲ ತೀರುವ ಮೊದಲೇ ಹೊರರಾಜ್ಯದ ಬಾಡಿಗೆ ನಿಂತಿರುತ್ತದೆ. ಬಿಎಸ್-6 (ಹೊಸ ಹೊಗೆ ನಿಯಮದ) ಗಾಡಿಯಾದರೆ ಹೊಗೆ ಶುದ್ಧಗೊಳಿಸುವ ಡಿಇಎಫ್ ದ್ರವದ ವ್ಯವಸ್ಥೆ ಸರಿಯಿದೆಯೇ ಎಂದು ಮೆಕ್ಯಾನಿಕ್‌ನಿಂದಲೇ ಪರೀಕ್ಷಿಸಿ. ಅದು ಕೆಟ್ಟರೆ ಎಂಜಿನ್ ತಾನಾಗಿ ಶಕ್ತಿ ಕುಗ್ಗಿಸಿಕೊಳ್ಳುತ್ತದೆ. ಮಾಲೀಕ-ಚಾಲಕನ 15 ಲಕ್ಷ ರೂಪಾಯಿಯ ಅಪಘಾತ ವಿಮೆಯನ್ನು ಮರೆಯಬೇಡಿ, ಇನ್ನೊಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡರೆ ಸಂಬಳದ ಚಾಲಕನ ಹೊಣೆಯ ವಿಮೆಯನ್ನೂ ಸೇರಿಸಿ. ಬಾಡಿಗೆಯ ಬಾಕಿ ಹಣಕ್ಕೆ ಸಹಿ ಮಾಡಿದ ರಸೀದಿಯ ಮೂಲಪ್ರತಿ ಕೈಬಿಡುವ ಮುನ್ನ ಫೋಟೋ ತೆಗೆದಿಡಿ. ಒಬ್ಬ ಬ್ರೋಕರರಿಂದ ನನಗೆ ಬರಬೇಕಿದ್ದ ಬಾಕಿ ಹೀಗೆಯೇ ಹೋಯಿತು; ಆಗ ಜೇಬಿನಲ್ಲಿ ಕ್ಯಾಮೆರಾ ಇರುವ ಕಾಲವಲ್ಲ.

ಪ್ರಶ್ನೆ: ಸೌದಿಯಲ್ಲಿ ಟ್ರೈಲರ್ ಚಾಲಕನ ಕೆಲಸ ಕೊಡಿಸಲು ಏಜೆಂಟರೊಬ್ಬರು ಒಂದೂವರೆ ಲಕ್ಷ ಕೇಳುತ್ತಿದ್ದಾರೆ.
— ಓದುಗ, ಭಟ್ಕಳ

ಉತ್ತರ: ಸರ್ಕಾರದಲ್ಲಿ ನೋಂದಾಯಿತರಾದ ಏಜೆಂಟರು ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಇ-ಮೈಗ್ರೇಟ್ ಜಾಲತಾಣದಲ್ಲಿ ಅವರ ಹೆಸರಿದೆಯೇ ನೋಡಿ. ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಭಾರತದ ಹೆವಿ ಲೈಸೆನ್ಸ್ ಇದ್ದರೆ ಸಾಕು ಎಂದು ನಂಬಬೇಡಿ. ಅಲ್ಲಿ ಸ್ಥಳೀಯ ಲೈಸೆನ್ಸ್ ಪಡೆಯಬೇಕು, ಗಾಡಿಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ಲೈಸೆನ್ಸ್ ಸಿಗುವವರೆಗಿನ ತಿಂಗಳುಗಳಲ್ಲಿ ಸಂಬಳ ಉಂಟೇ, ಪರೀಕ್ಷೆಯ ಖರ್ಚು ಯಾರದು ಎಂಬುದು ಒಪ್ಪಂದದಲ್ಲಿ ಬರೆದಿರಲಿ.

ಪ್ರಶ್ನೆ: ನಾನು ಮಹಿಳೆ, ಆಟೊ ಓಡಿಸುತ್ತೇನೆ. ಲಾರಿ ಚಾಲಕಿಯಾಗಲು ಸಾಧ್ಯವೇ?
— ಓದುಗರು, ತುಮಕೂರು

ಉತ್ತರ: ಕಾನೂನಿನಲ್ಲಿ ಅಡ್ಡಿಯಿಲ್ಲ, ಭೋಪಾಲದ ಯೋಗಿತಾ ರಘುವಂಶಿ ಕಾನೂನು ಪದವಿ ಪಡೆದವರಾಗಿದ್ದೂ ದೂರದ ಮಾರ್ಗಗಳಲ್ಲಿ ಲಾರಿ ಓಡಿಸಿ ಹೆಸರಾದವರು. ಆಟೊ ಲೈಸೆನ್ಸ್ ಜೊತೆಗೆ ಲಘು ಮೋಟಾರು ವಾಹನದ ಲೈಸೆನ್ಸ್ ನಿಮ್ಮಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ, ಏಕೆಂದರೆ ಮೊದಲ ಉತ್ತರದಲ್ಲಿ ಹೇಳಿದ ಒಂದು ವರ್ಷದ ಎಣಿಕೆ ಶುರುವಾಗುವುದು ಅದರಿಂದ. ನಮ್ಮ ಹೆದ್ದಾರಿಗಳಲ್ಲಿ ಹೆಂಗಸರಿಗೆ ಶುಚಿಯಾದ ಶೌಚಾಲಯ ಮತ್ತು ರಾತ್ರಿ ಗಾಡಿ ನಿಲ್ಲಿಸಲು ಸುರಕ್ಷಿತ ಜಾಗ ಸಿಗುವುದು ಇನ್ನೂ ಕಷ್ಟ. ಆದ್ದರಿಂದ ಮೊದಲ ಎರಡು ವರ್ಷ, ಸಂಜೆಯೊಳಗೆ ಮನೆಗೆ ಮರಳಬಹುದಾದ ಗೋದಾಮು-ಕಾರ್ಖಾನೆ ನಡುವಿನ ಓಡಾಟವನ್ನು ಆರಿಸಿಕೊಳ್ಳಿ. ನೆಲಮಂಗಲ, ದಾಬಸ್‌ಪೇಟೆಯ ಗೋದಾಮುಗಳಿಗೆ ನಿಮ್ಮ ಊರಿನಿಂದ ಹೆಚ್ಚು ದೂರವೇನಿಲ್ಲ. ಅರ್ಜಿ ಹಾಕುವಾಗ ಆಟೊದಲ್ಲಿ ಅಪಘಾತವಿಲ್ಲದೆ ಓಡಿಸಿದ ವರ್ಷಗಳನ್ನೂ ಬರೆಯಿರಿ.